ಸಾವಿರ ಮಳೆಗಾಲದ ಮೈದುನ

ನನ್ನ ಮೈದುನ ಮಕ್ಕಳಿಗೆ ವಾಂತಿಭೇದಿ ಬರಲೆಂದು ಕಾಯುತ್ತಿದ್ದ. ಚಾಡಿಯಲ್ಲ, ಅವನ ನೌಕರಿಯೇ ಅದು!

ರೋಗ ತಡೆಯುವ ಹೊಸ ಔಷಧವನ್ನು ಎಷ್ಟು ಮನೆಗಳಲ್ಲಿ ಕೊಟ್ಟು ನೋಡಬೇಕೆಂದು ಮೊದಲೇ ಲೆಕ್ಕ ಹಾಕುವವನು. ನಾವಿದ್ದ ಮರಾಠಿ ಊರು ಖಡಕಿಯಲ್ಲಿ ಒಂದೇ ಮಳೆಗಾಲಕ್ಕೆ ನನ್ನ ಸೀರೆ ಒಣಗುವುದಿಲ್ಲ; ಇವನು ತೊಂಬತ್ತರ ದಶಕದ ಆ ಡಬ್ಬಿಯಂಥ ಕಂಪ್ಯೂಟರಿನೊಳಗೆ ಸಾವಿರ ಸುಳ್ಳು ಮಳೆಗಾಲ ಸುರಿಸಿ, ಎಷ್ಟು ಮಕ್ಕಳಿಗೆ ಬೇನೆ ಬಂದೀತೆಂದು ಎಣಿಸುತ್ತಿದ್ದ!

ಅವನ ಲೆಕ್ಕ ನಂಬಿ ನಾನೊಮ್ಮೆ ಕೆಟ್ಟೆ. ಸತ್ಯನಾರಾಯಣ ಪೂಜೆಗೆ, “ವೈನಿ, ಐವತ್ತು ಮಂದಿಗೆ ಹೇಳ್ರಿ, ಮೂವತ್ತಕ್ಕ ಶಿರಾ ಮಾಡ್ರಿ. ಮಳ್ಯಾಗ ಯಾರು ಬರ್ತಾರ?” ಎಂದ. ಐವತ್ತೂ ಮಂದಿ ಬಂದರು, ನೆಂಟರನ್ನೂ ಕರೆತಂದರು! ಪ್ರಸಾದವನ್ನು ತೀರ್ಥದ ಉದ್ಧರಣೆಯಲ್ಲಿ ಹಂಚಿದೆ. ಇವನು ಮೂಲೆಯಲ್ಲಿ ನಿಂತು, “ಮಂದಿ ಭಕ್ತಿ ಲೆಕ್ಕದಾಗ ಹಿಡಿದಿದ್ದಿಲ್ಲ” ಎಂದ.

ಆಮೇಲೆ ಶಿರೂರಿನ ಕೆಲಸ ಬಂತು. ಅರ್ಧ ಮನೆಗಳಿಗೆ ಔಷಧ, ಅರ್ಧಕ್ಕೆ ಅದರಂತೆಯೇ ಕಾಣುವ ಸಪ್ಪೆ ನೀರು. ಯಾರಿಗೆ ಯಾವುದೆಂದು ಅವನಿಗೂ ತಿಳಿಯದು. ಅವನು ಅಂದಾಜು ಮಾಡಿದಷ್ಟು ಮಕ್ಕಳಿಗಾದರೂ ಬೇನೆ ಬಂದರೆ ಮಾತ್ರ ವ್ಯತ್ಯಾಸ ಕಾಣುವುದು. ಬಾರದಿದ್ದರೆ ನಾಲ್ಕು ವರ್ಷದ ದುಡಿಮೆ ನೀರಿನಲ್ಲಿ ಹೋಮ.

“ಯಾರಿಗೂ ಏನೂ ಆಗಬಾರದು ಅಂತ ದಿನಾ ಬೇಡ್ಕೋತೀನಪಾ,” ಎಂದೆ.

“ಸ್ವಲ್ಪ ಕಡಿಮಿ ಬೇಡ್ಕೋರಿ, ವೈನಿ!”

ನಾನು ದೇವರಿಗೆ ಏನೆಂದು ಹೇಳಲಿ? ಔಷಧ ಗೆದ್ದರೆ ಮುಂದೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಗೆಲ್ಲಬೇಕಾದರೆ ಈಗ ಕೆಲವರು ಮಲಗಬೇಕು! ಕೈ ಮುಗಿದೆ, ಬಾಯಿ ಮುಚ್ಚಿಕೊಂಡೆ.

ಎರಡು ಮಳೆಗಾಲ ಕಳೆದವು. ಬೇನೆ ಬಂದದ್ದು ಅಲ್ಲೊಂದು ಇಲ್ಲೊಂದು ಮಗುವಿಗೆ. ಮೇಲಿನವರು ಕೆಲಸ ನಿಲ್ಲಿಸಿದರು. ಔಷಧ ಒಳ್ಳೆಯದೋ ಅಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ. ಮೈದುನ ಊಟ ಬಿಟ್ಟ. ಸಾವಿರ ಮಳೆಗಾಲದಲ್ಲಿ ಎಲ್ಲಿ ತಪ್ಪಿದೆನೆಂದು ಕಾಗದ ತಿರುವುತ್ತಲೇ ಇದ್ದ.

ಕೊನೆಯ ಸಲ ಅವನು ಶಿರೂರಿಗೆ ಹೊರಟಾಗ, ಒಬ್ಬನನ್ನೇ ಕಳಿಸಲು ಧೈರ್ಯವಾಗದೆ ನಾನೂ ಹೋದೆ. ಮೊದಲ ಮನೆಯ ತಾಯಿ ಅವನನ್ನು ಕಂಡದ್ದೇ ಒಲೆಯತ್ತ ಕೈ ತೋರಿಸಿ ನಕ್ಕಳು: “ಪಾಣೀ ಉಕಳಲಂಯ, ದಾದಾ!” ನೀರು ಕುದಿಸಿಯಾಗಿದೆ ಅಂತ. ಎರಡನೆಯ ಮನೆಯಲ್ಲೂ ಅದೇ ಮಾತು. ಮೂರನೆಯದರಲ್ಲೂ!

“ಅಲ್ಲೋ, ನೀರು ಕುದಿಸ್ರಿ ಅಂತ ಎಲ್ಲಾರಿಗೂ ನೀನ ಹೇಳಿದ್ಯೇನು?”

ತಲೆ ತಗ್ಗಿಸಿದ. “ಹೋದಾಗೊಮ್ಮೆ ಹೇಳ್ತಿದ್ದೆ. ಇದನ್ನ ಲೆಕ್ಕದಾಗ ಹಿಡೀಲಿಲ್ಲ, ವೈನಿ. ಕಣ್ಣಮುಂದ ಕೂಸು ಹಸಿನೀರು ಕುಡೀತಿದ್ರ ಹೆಂಗ ಸುಮ್ಮನಿರಲಿ?”

ಮೂರನೆಯ ಮನೆಯ ತಾಯಿ ಲೋಟ ತಂದು ಅವನ ಕೈಗಿಟ್ಟಳು. ಎರಡು ದಿನದಿಂದ ಉಪವಾಸವಿದ್ದವನು ಗಟಗಟನೆ ಕುಡಿದ. ಕುದಿಸಿ ಆರಿಸಿದ ನೀರು. ಅಷ್ಟಾದರೂ ಹೊಟ್ಟೆಗೆ ಹೋಯಿತಲ್ಲ, ದೇವರೇ!