ಭಾಗೀರಥತ್ತೆಯ ಮುಖ್ತ್ಯಾರ

ಅಧಿಕಾರ ಇನ್ನೊಬ್ಬರದ್ದಾದರೂ ಚಿಂತೆಯಿಲ್ಲ, ಒಮ್ಮೆ ಕೈಗೆ ಸಿಕ್ಕಿತೆಂದರೆ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ನನ್ನ ನಡಿಗೆ ಬದಲಾದದ್ದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಸಾಗರದ ಹೈಸ್ಕೂಲಿನಲ್ಲಿ ನಾನು ಎಷ್ಟೇ ಗುಡುಗಲಿ, ಮನೆಗೆ ಬಂದರೆ ಸಾರಿಗೆ ಉಪ್ಪು ಸಾಲದು ಎನ್ನುವ ಅಧಿಕಾರವೂ ನನಗಿರಲಿಲ್ಲ. ಅಂಥವನನ್ನು ಅಪ್ಪನ ತಂಗಿ ಭಾಗೀರಥತ್ತೆ ತನ್ನ ಪರವಾಗಿ ಸಹಿ ಹಾಕುವ ಮುಖ್ತ್ಯಾರನನ್ನಾಗಿ ಮಾಡಿಬಿಟ್ಟಳು.

ಅತ್ತೆಯ ಮನೆ ಬ್ಯಾಕೋಡಿನ ಆಚೆ, ಹೊಳೆಯ ಅಂಚಿನಲ್ಲಿ. ಅಣೆಕಟ್ಟಿನ ನೀರು ಅಲ್ಲಿಗೂ ಬರುತ್ತದೆಂದು ಖಚಿತವಾದ ಮೇಲೆ, ಬದಲಿ ಜಾಗ ಎಲ್ಲಿ ಬೇಕೆಂದು ಕಚೇರಿಗೆ ತಿಳಿಸಬೇಕಾಗಿತ್ತು. ಅವಳಿಗೋ ಬಸ್ಸಿನ ಮೊದಲ ತಿರುವಿಗೇ ವಾಂತಿ. ನಿಂಬೆಹಣ್ಣು ಮೂಸುತ್ತ ಹೇಗೋ ಒಮ್ಮೆ ಸಾಗರಕ್ಕೆ ಬಂದು, ಸಬ್ ರಿಜಿಸ್ಟ್ರಾರರ ಎದುರು ಮುಖ್ತ್ಯಾರುನಾಮೆಗೆ ಹೆಬ್ಬೆಟ್ಟು ಒತ್ತಿ, "ಎಂಗೆ ಎಂತ ಗೊತ್ತಿದ್ದು ಮಾಣಿ? ಎಲ್ಲ ನೀನೇ ನೋಡ್ಕ್ಯ" ಎಂದು ಹೊರಟುಹೋದಳು. ಆ 'ಎಲ್ಲ' ನನಗೆ ಬಹಳ ಹಿಡಿಸಿತು.

ಆ ಮುಖ್ತ್ಯಾರುನಾಮೆ ಬರೆದುಕೊಟ್ಟ ಶೀನಪ್ಪ ನನಗೆ ಬುದ್ಧಿ ಹೇಳದೆ ಇರಲಿಲ್ಲ. "ಮೇಷ್ಟ್ರೇ, ಈ ಜಾಗದ ವಿಷ್ಯದಲ್ಲಿ ಇನ್ನು ನಿಮ್ಮ ಸಹಿ ಅಂದ್ರೆ ಅಮ್ಮಂದೇ ಸಹಿ. ಆದ್ರೆ ಮನಸ್ಸು ಅವ್ರದ್ದೇ, ಕೇಳ್ಕಂಡು ಹಾಕಿ." ನಾನು ಮೊದಲರ್ಧ ಮಾತ್ರ ಕೇಳಿಸಿಕೊಂಡೆ. ಊಟಕ್ಕೆ ಕರೆದರೂ ಆ ಕಾಗದ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೇ ಏಳುತ್ತಿದ್ದೆ.

ಅತ್ತೆಯ ಬದುಕಿನ ಕಷ್ಟ ಏನೆಂದು ನನಗೆ ಗೊತ್ತೆಂದೇ ನನ್ನ ತಿಳಿವಳಿಕೆ. ಅದು ಬೇಲಿಯಾಚೆಯ ಪುಟ್ಟಮ್ಮ ಗೌಡ್ತಿ. ಇವಳ ದನ ಅವಳ ಸೌತೆಬಳ್ಳಿಗೆ ಬಾಯಿ ಹಾಕಿತೆಂದೋ, ಅವಳ ಬಚ್ಚಲ ನೀರು ಇವಳ ಅಂಗಳಕ್ಕೆ ಬಂತೆಂದೋ, ಇಬ್ಬರಿಗೂ ಜಗಳವಾಡದೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪುಟ್ಟಮ್ಮನ ಮನೆಯವರು ಹೊಸನಗರದ ಕಡೆ ಜಾಗ ಕೇಳಿದ್ದಾರೆಂದು ಗೊತ್ತಾದದ್ದೇ ತಡ, ನಾನು ಅತ್ತೆಗೆ ಆನಂದಪುರದಲ್ಲಿ ಬೇಕೆಂದು ಅರ್ಜಿ ಬರೆದೆ. ರಸ್ತೆ ಬದಿ, ಬಾಗಿಲಲ್ಲೇ ಬಸ್ಸು! ಬಸ್ಸು ಕಂಡರಾಗದವಳಿಗೆ ಬಸ್ಸು ಯಾಕೆಂದು ನನಗೆ ಹೊಳೆಯಲೇ ಇಲ್ಲ. "ಅತ್ತೆಯ ಕೇಳಿದ್ರಾ?" ಎಂದಳು ಹೆಂಡತಿ. "ಕೇಳದು ಎಂತಕ್ಕೆ? ಪವರ್ ಎನ್ನ ಕೈಲೇ ಇದ್ದು" ಎಂದು ಸಹಿಯ ಬಾಲವನ್ನು ಉದ್ದಕ್ಕೆ ಎಳೆದೆ.

ಶುಭವಾರ್ತೆ ಹೊತ್ತು ಬ್ಯಾಕೋಡಿಗೆ ಹೋದಾಗ ಬೇಲಿಯ ಎರಡೂ ಬದಿಯಲ್ಲಿ ಜಗಳ ಕಾವೇರಿತ್ತು. "ಅತ್ತೆ, ಇನ್ನು ನಿಂಗೆ ಪುಟ್ಟಮ್ಮನ ಕಾಟ ಇಲ್ಲೆ!" ಎಂದು ಎಲ್ಲವನ್ನೂ ಹೇಳಿದೆ. ಇಬ್ಬರೂ ಒಟ್ಟಿಗೆ ಸುಮ್ಮನಾದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಜ್ವರ ಬಂದು ಬಿದ್ರೆ ಬೇಲಿ ದಾಟಿ ಗಂಜಿ ತಂದು ಕೊಡದು ಯಾರಾ? ನಿನ್ನ ಬಸ್ಸಾ?" ಎಂದಳು ಅತ್ತೆ. ಅವಳ ಕಣ್ಣು ತುಂಬಿತ್ತು.

ಪುಟ್ಟಮ್ಮನಿಗೆ ನನ್ನ ಮೇಲೆ ಬೆಂಕಿಯಂಥ ಕೋಪ. "ಅಲ್ರೀ ಮೇಷ್ಟ್ರೇ, ನಾವಿಬ್ರು ಬೈದಾಡ್ಕಂಡ್ರೆ ನಿಮ್ಗೇನ್ ಕಷ್ಟ ಆಗಿತ್ತು? ಬಿಡ್ಸಿ ಅಂತ ಕರ್ದಿದ್ವಾ?"

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಶೀನಪ್ಪನ ಹತ್ತಿರ ಓಡಿದೆ. ಕೊಟ್ಟ ಅಧಿಕಾರವನ್ನು ಅತ್ತೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಂತೆ. ಆದರೆ ಅದಕ್ಕೂ ಮೊದಲೇ ಜಾಗದ ಹುಕುಂ ಆಗಿಬಿಟ್ಟರೆ ನನ್ನ ಸಹಿಗೆ ಅವಳೇ ಬದ್ಧಳು, ಆನಂದಪುರವೇ ಗತಿ. ಕಚೇರಿಯಿಂದ ಕಚೇರಿಗೆ ಓಡಾಡುವಾಗ ಜೀವನದಲ್ಲಿ ಮೊದಲ ಬಾರಿಗೆ ನಾನು ಸರ್ಕಾರಿ ಕೆಲಸ ತಡವಾಗಲೆಂದು ದೇವರಿಗೆ ಹರಕೆ ಹೊತ್ತೆ. ದೇವರು ದೊಡ್ಡವನು, ಕಚೇರಿ ಅವನಿಗಿಂತ ದೊಡ್ಡದು; ಅರ್ಜಿಯ ಕಟ್ಟನ್ನು ಯಾರೂ ಬಿಚ್ಚಿರಲಿಲ್ಲ.

ಅತ್ತೆ ಮತ್ತೆ ಸಾಗರಕ್ಕೆ ಬಂದಳು. ನನ್ನ ಅಧಿಕಾರವೂ ಆನಂದಪುರದ ಅರ್ಜಿಯೂ ರದ್ದಾದವು. ಹೊಸ ಮುಖ್ತ್ಯಾರಳಾಗಿ, ದಾರಿಯುದ್ದಕ್ಕೂ ಅವಳ ಬೆನ್ನು ನೀವುತ್ತ, ಜೊತೆಗೆ ಬೈಯುತ್ತ ಬಂದಿದ್ದ ಪುಟ್ಟಮ್ಮನೇ ನೇಮಕವಾದಳು. ಹೆಬ್ಬೆಟ್ಟು ಒತ್ತುವವರನ್ನು ಗುರುತಿಸಲು ಒಬ್ಬ ಸಾಕ್ಷಿ ಬೇಕಿತ್ತು. ಎಲ್ಲರೂ ನನ್ನನ್ನೇ ಮುಂದಕ್ಕೆ ತಳ್ಳಿದರು.

"ಈ ಅಮ್ಮನ್ನ ನೀವು ಚೆನ್ನಾಗಿ ಬಲ್ಲಿರೇನ್ರೀ?" ಎಂದು ಸಬ್ ರಿಜಿಸ್ಟ್ರಾರರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪುಟ್ಟಮ್ಮ, "ಅವ್ರಿಗೆ ಎಲ್ಲಿ ಗೊತ್ತು ಸ್ವಾಮಿ!" ಎಂದಳು.

ನಾನು ತಲೆ ತಗ್ಗಿಸಿ 'ಬಲ್ಲೆ' ಎಂದು ಸಹಿ ಹಾಕಿದೆ. ಆ ಸಹಿ ಮಾತ್ರ ಯಾರ ಪರವಾಗಿಯೂ ಅಲ್ಲ, ನನ್ನದೇ, ಸುಳ್ಳೂ ನನ್ನದೇ.