ಹದಿನಾಲ್ಕು ದಿನದ ಕೋಳಿ ದಿಗ್ಬಂಧನ

ಇದು ಹೀಗೇ ನಡೆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಕೋಳಿ ತಂದದ್ದು ಬುಧವಾರವೆಂದು ನನ್ನ ನೆನಪು. ಮಂಗಳವಾರವೆಂದು ಹೆಂಡತಿ ಗಿರಿಜೆಯ ವಾದ. ಅವುಗಳಿಗೆ ಕಟ್ಟಿದ ಚಿಂದಿ ಎಡಗಾಲಿನಲ್ಲಿತ್ತೋ ಬಲಗಾಲಿನಲ್ಲಿತ್ತೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದ ಮೇಲೆ ನನಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿದಿಲ್ಲ. ಅದರಲ್ಲಿ ನನ್ನ ಮಾತೂ ಸೇರಿದೆ.

ರೋಣದ ನಮ್ಮ ಹಿತ್ತಿಲಲ್ಲಿ ಗಿರಿಜೆಯ ನಾಲ್ಕು ಕೋಳಿ, ಒಂದು ಹುಂಜ ಸುಖವಾಗಿದ್ದವು. ಅಬ್ಬಿಗೇರಿಯ ಪರಿಚಯದ ರೈತರೊಬ್ಬರಿಂದ ಇನ್ನೂ ಮೂರು ಕೋಳಿ ತಂದೆ.

"ಸಂಜಿ ಮುಂದ ಗೂಡಿನ್ಯಾಗ ಬಿಟ್ಟುಬಿಡ್ರಿ. ಎರಡು ದಿನ ಕಚ್ಯಾಡ್ತಾವ, ಆಮ್ಯಾಲ ಒಂದಾಗ್ತಾವ" ಎಂದಳು ಗಿರಿಜೆ.

"ಅದಕ್ಕ ಪುರಾವೆ ಏನು?"

"ನಾ ಈ ಮನಿಗೆ ಬಂದಾಗೂ ಹಂಗ ಆಗಿತ್ತಲ್ರಿ."

ಇದನ್ನು ನಾನು ಪುರಾವೆಯೆಂದು ಒಪ್ಪಲಿಲ್ಲ. ಹೊಸ ಕೋಳಿಗಳನ್ನು ಎರಡು ವಾರ ಬೇರೆ ಇಡಬೇಕು, ಇಲ್ಲದಿದ್ದರೆ ಹಳೆಯವಕ್ಕೂ ರೋಗ ಬಂದೀತು ಎಂದು ದನದ ದವಾಖಾನೆಯ ಡಾಕ್ಟರು ಹೇಳಿದ್ದರು. ಕೆಟ್ಟುಹೋದ ಕೂಲರಿನ ಖಾಲಿ ಪೆಟ್ಟಿಗೆಯನ್ನು ಪಂಜರ ಮಾಡಿ, ಮೇಲೆ ಗೋಣಿಚೀಲ ಹೊದಿಸಿದೆ. ಹಳೆ ಕೋಳಿಗಳನ್ನು ನೋಡಿಕೊಳ್ಳುವವರು ಹೊಸ ಕೋಳಿಗಳ ಹತ್ತಿರ ಸುಳಿಯಕೂಡದು ಎಂಬ ಆಜ್ಞೆಯನ್ನೂ ಹೊರಡಿಸಿದೆ.

"ಚಲೋ ಆತು, ನನಗ ಅಷ್ಟ ಕೆಲಸ ಉಳೀತು" ಎಂದು ಗಿರಿಜೆ ಒಳಗೆ ಹೋದಳು.

ಗುರುತಿಗೆ ಚಿಂದಿ ಬೇಕಾಯಿತು. ಪಕ್ಕದ ಮನೆಯ ದಾವಲ್‌ಸಾಬರು ದರ್ಜಿ. ಶಾಲೆ ಶುರುವಾಗುವ ದಿನಗಳು. ಅವರ ಮಷಿನ್ನಿನ ಕೆಳಗೆ ಯುನಿಫಾರ್ಮಿನ ನೀಲಿ ತುಣುಕುಗಳ ರಾಶಿ. ಮೂರು ತೆಗೆದುಕೊಟ್ಟರು. ಅವರ ಹೆಂಡತಿ ಖಾತುನಬಿಯ ಕೋಳಿಗಳ ಕಾಲಲ್ಲೂ ಅದೇ ರಾಶಿಯ ತುಣುಕಿದ್ದದ್ದನ್ನು ನಾನು ಗಮನಿಸಿದ್ದೆನೇ? ಗಮನಿಸಿರಲಿಲ್ಲ ಎನ್ನುವುದೇ ನನ್ನ ಮರ್ಯಾದೆಗೆ ಒಳ್ಳೆಯದು.

ಮರುದಿನ ನೀರಿಡಲು ಪಂಜರದ ಬಾಗಿಲು ತೆರೆದದ್ದೇ ತಡ, ಮೂರೂ ನನ್ನ ತಲೆಯ ಮೇಲಿಂದ ಹಾರಿ ಗೋಡೆ ದಾಟಿದವು. ಓಣಿಗೆ ಓಡಿದೆ. ತಿಪ್ಪೆಯ ಮೇಲೆ ಮೂರು ಕೋಳಿ, ಮೂರಕ್ಕೂ ನೀಲಿ ಚಿಂದಿ. ಅರ್ಧ ಗಂಟೆ ಬೆನ್ನಟ್ಟಿ, ಮೊಣಕಾಲು ತರಚಿಸಿಕೊಂಡು, ಹಿಡಿದು ತಂದು ಒಳಗೆ ಹಾಕಿದೆ. ಒಂದೇ ದಿನದಲ್ಲಿ ಅವು ತುಸು ದಪ್ಪಗಾದಂತೆ ಕಂಡವು. 'ನಮ್ಮ ಮೇವು ಒಗ್ಗಿದೆ' ಎಂದು ನೋಟಬುಕ್ಕಿನಲ್ಲಿ ಬರೆದೆ. ಅದರ ಮರುದಿನ ಪಂಜರದಲ್ಲಿ ಎರಡು ತತ್ತಿ! 'ಹೊಸ ಪರಿಸರಕ್ಕೂ ಹೊಂದಿಕೊಂಡಿವೆ' ಎಂದು ಸೇರಿಸಿದೆ.

ಅವತ್ತೇ ಸಂಜೆ ಖಾತುನಬಿ ಬಂದರು.

"ಸರ, ನಮ್ಮ ಐದು ಕೋಳ್ಯಾಗ ಮೂರು ಕಾಣವಲ್ವು. ಮಗಳು ಬಾಣಂತನಕ್ಕ ಬಂದಾಳ. ದಿನಾ ತತ್ತಿ ಕೊಡ್ರಿ ಅಂತ ಡಾಕ್ಟರಮ್ಮ ಹೇಳ್ಯಾರ. ತತ್ತಿ ಇಡೂವು ಆ ಮೂರ. ಉಳದವು ಮುದಿ ಆಗ್ಯಾವ."

"ಈಗ ಗೂಡಿನ್ಯಾಗ ಎಷ್ಟು ಅದಾವ?"

"ಐದ ಅದಾವ್ರಿ. ಆದ್ರ ಅದರಾಗ ಮೂರು ಯಾರವೋ ಬ್ಯಾರೇದವು."

"ಕಾಲಿಗೆ ಚಿಂದಿ?"

"ನೀಲಿದ ಐತಿ."

ಐದಿದ್ದವು, ಐದಿವೆ. ಚಿಂದಿಯೂ ಇದೆ. ತರ್ಕಶಾಸ್ತ್ರದಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಬಂದಿರಲಿಲ್ಲ.

"ಖಾತುನಬಿಯವ್ರ, ನೆನಪು ಅನ್ನೂದನ್ನ ಭಾಳ ನಂಬಬಾರದು. ಬಾಣಂತನದ ಗದ್ದಲದಾಗ ನಿಮಗ ನಿದ್ದಿ ಇಲ್ಲ. ಅವು ನಿಮ್ಮವ."

"ಹಡದ ಮಕ್ಕಳ ಹೆಸರು ಅದಲು ಬದಲು ಕರೀತೀನ್ರಿ. ದಿನಾ ನೋಡೂ ಕೋಳಿ ಮಾರಿ ಮರೀತೀನೇನ್ರಿ?"

"ಮರೀಬಹುದು."

ಆಕೆ ಹೊರಡಲು ತಿರುಗಿದರು. ಓದಿದ ಮನುಷ್ಯ ಇಷ್ಟು ಖಡಾಖಂಡಿತವಾಗಿ ಹೇಳಿದಾಗ ಪಾಪ, ಏನು ಮಾಡಿಯಾರು? ನನಗೂ ಕನಿಕರ ಬಂತು. ಪಂಜರದ ಎರಡೂ ತತ್ತಿ ತಂದು ಕೈಗಿಟ್ಟೆ.

"ಮಗಳಿಗೆ ಕೊಡ್ರಿ. ನಮ್ಮ ಹೊಸ ಕೋಳೀವು."

"ಅಲ್ಲಾ ನಿಮಗ ಚಲೋ ಮಾಡ್ಲಿ ಸರ" ಎಂದು ಹರಸಿ ಹೋದರು. ಆಕೆಯದೇ ಕೋಳಿಗಳ ತತ್ತಿಯನ್ನು ಆಕೆಗೇ ದಾನ ಮಾಡಿ ನಾನು ಪುಣ್ಯ ಕಟ್ಟಿಕೊಂಡೆ. ಮರುದಿನದಿಂದ ಮಾತ್ರ ತತ್ತಿಗಳನ್ನು ನಾನೇ ತಿಂದೆ. ದಿಗ್ಬಂಧನದ ಮೇಲ್ವಿಚಾರಣೆಗೆ ಶಕ್ತಿ ಬೇಕಿತ್ತು.

ಹದಿನಾಲ್ಕನೆಯ ದಿನ ಹೊಸ ಕೋಳಿಗಳನ್ನು ಹಳೆಯವಕ್ಕೆ ಪರಿಚಯಿಸುವ ಕಾರ್ಯಕ್ರಮ. ನನ್ನ ವಿಧಾನವನ್ನು ನಾಲ್ಕು ಜನ ನೋಡಲಿ ಎಂದು ಖಾತುನಬಿಯನ್ನೂ ಕರೆದಿದ್ದೆ. ಎರಡು ಮಾತಾಡಿ ಗೋಣಿಚೀಲ ಸರಿಸಿ ಬಾಗಿಲು ತೆರೆದೆ. ಮೂರೂ ಹೊರಗೆ ಬಂದವು. ನಮ್ಮ ಹುಂಜನ ಕಡೆ ನೋಡಲಿಲ್ಲ, ಚೆಲ್ಲಿದ ಜೋಳದ ಕಡೆ ನೋಡಲಿಲ್ಲ. ನೆಟ್ಟಗೆ ಖಾತುನಬಿಯ ಕಾಲ ಬಳಿ ಹೋಗಿ ನಿಂತವು.

"ಯಾ ಅಲ್ಲಾ, ಇವು ನಮ್ಮವ" ಎಂದು ಆಕೆ ಅಲ್ಲೇ ಕುಳಿತುಬಿಟ್ಟರು.

ಗಿರಿಜೆ ನನ್ನತ್ತ ತಿರುಗಿದಳು. "ನೀವು ತಂದ ಕೋಳಿ ಯಾವ ಬಣ್ಣದ್ವು ಇದ್ದುವ್ರಿ?"

ನೋಟಬುಕ್ಕು ತೆರೆದೆ. ಮೇವಿನ ತೂಕವಿತ್ತು, ನೀರಿನ ಹೊತ್ತಿತ್ತು, ಹಿಕ್ಕೆಯ ವರ್ಣನೆಯೇ ಎರಡು ಪುಟವಿತ್ತು. ಕೋಳಿಯ ಬಣ್ಣ ಇರಲಿಲ್ಲ.

"ಬಾಣಂತಿ ಬಾಯಾಗಿನ ತತ್ತಿ ತಿಂದ್ರೆಲ್ರಿ" ಎಂದಳು ಮೆಲ್ಲಗೆ. ಅವಳು ಕೂಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಖಾತುನಬಿ ಸೆರಗಿನಿಂದ ಒಂದೊಂದೇ ಕೋಳಿಯ ಬೆನ್ನು ಒರೆಸುತ್ತಿದ್ದರು.

ಆಗಲಾದರೂ ನಾನು ತಪ್ಪಾಯಿತು ಎನ್ನಬೇಕಿತ್ತು. ಆದರೆ ತರ್ಕ ಬಿಡಲಿಲ್ಲ. "ನನ್ನ ಮೂರೂ ನಿಮ್ಮ ಗೂಡಿನ್ಯಾಗ ಇದ್ದುವಲ್ಲ, ಅವು ಇಟ್ಟ ತತ್ತಿ ನಿಮ್ಮ ಮಗಳು ತಿಂದಿರಬೇಕು. ಅಲ್ಲಿಗೆ ಸರಿ ಆತು."

"ಒಂದೂ ಇಟ್ಟಿಲ್ರಿ ಸರ."

"ಅದು ನಿಮ್ಮ ನೆನಪು" ಎಂದು ಅಲ್ಲೇ ಅಬ್ಬಿಗೇರಿಗೆ ಫೋನ್ ಹಚ್ಚಿದೆ. ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಅವು ಇನ್ನೂ ಎಳೀವು ಅದಾವ್ರಿ ಸರ," ಎಂದಿತು ಫೋನು. "ತತ್ತಿ ಇಡಾಕ ಎರಡು ತಿಂಗಳರ ಬೇಕು. ಅವತ್ತ ಎರಡು ಸಲ ಹೇಳಿದ್ನೆಲ್ರಿ."