ಹನ್ನೊಂದರಲ್ಲಿ ಏಳು

ಕೆನೇಶನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಅಂದಿನಿಂದ ಅವನೂ ದಿವಾನ್ ಮಂಚವೂ ಒಂದೇ ದೇಹವಾಗಿಬಿಟ್ಟಿದ್ದರು. ಬಿಷ್ಕೆಕ್ಕಿನ ಹಾಲಿನ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಜಾಲ ನೋಡಿಕೊಳ್ಳುವವನು ಬೇಕಿತ್ತು. ಜಾಹೀರಾತಿನಲ್ಲಿ ಹನ್ನೊಂದು ಅರ್ಹತೆ ಕೇಳಿದ್ದರು. ಮಹಾಶಯ ಬೆರಳು ಮಡಚಿ ಎಣಿಸಿ, "ನನ್ನ ಹತ್ರ ಇರೋದು ಏಳೇ" ಎಂದು ಮಗ್ಗುಲು ಬದಲಿಸಿದ.

"ಏಳಿದ್ರೆ ಏಳು ಮೇಲೆ!" ಹೆಂಡತಿ ಬರ್ಮೆಟ್ ಗದರಿದಳು.

"ಉಳಿದ ನಾಲ್ಕನ್ನ ಕೇಳಿದ್ರೆ?"

"ಕೇಳಿದಾಗ ನೋಡ್ಕೋ. ಆವತ್ತು ಜನರ ಜೊತೆ ಚೌಕದಲ್ಲಿ ನಿಂತು ಸರ್ಕಾರ ಓಡಿಸ್ದಾಗ ನಮ್ಮನ್ನ ಯಾವನಾದ್ರೂ ಅರ್ಹತೆ ಕೇಳಿದ್ನಾ?"

"ಅದು ಸರ್ಕಾರ ಕಣೇ. ಇದು ಹಾಲಿನ ಕಾರ್ಖಾನೆ!"

ಕಡೆಗೆ ಅರ್ಜಿಯನ್ನು ಬರ್ಮೆಟ್‌ಳೇ ಬರೆದಳು. 'ಇತರ ವಿಶೇಷ ಜ್ಞಾನ' ಎಂಬ ಕಾಲಂ ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ. ಗಂಡನ ಏಳು ತಲೆಮಾರಿನ ಅಜ್ಜಂದಿರ ಹೆಸರನ್ನು ಸಾಲಾಗಿ ತುಂಬಿಬಿಟ್ಟಳು. (ಅಲ್ಲಿ ಪ್ರತಿ ಗಂಡಸಿಗೂ ಆ ಏಳು ಹೆಸರು ಬಾಯಿಪಾಠ ಇರಲೇಬೇಕು; ಅವನು ತಡವರಿಸದೆ ಹೇಳುತ್ತಿದ್ದದ್ದು ಅದೊಂದನ್ನೇ.)

ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಯಜಮಾನ ಶೆರಾಲಿಯೇ ಕುರಿಯ ತೊಡೆ ಹೊತ್ತು ಬಾಗಿಲಿಗೆ ಬಂದ. ಜೊತೆಗೊಬ್ಬ ದಪ್ಪನೆಯವನಿದ್ದ.

"ಚಿಕ್ಕಪ್ಪಾ!" ಎಂದು ಶೆರಾಲಿ ಕೆನೇಶನನ್ನು ಬಾಚಿ ತಬ್ಬಿದ. "ಅರ್ಜಿ ಓದಿ ಕುರ್ಚಿಯಿಂದ ಬಿದ್ದೆ! ನಿಮಗೆ ನಾಲ್ಕನೇ ತಲೆಯ ಅಜ್ಜ ನನಗೆ ಐದನೇ ತಲೆ! ಒಂದೇ ರಕ್ತ!"

ಬರ್ಮೆಟ್ ಹಿರಿಹಿರಿ ಹಿಗ್ಗಿದಳು. ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ರಾಶಿ ಹಾಕಿದಳು, ಚಹಾ ಬಗ್ಗಿಸಿದಳು. "ಹಾಗಾದ್ರೆ ನಾಳೆಯಿಂದ್ಲೇ ಬರ್ತಾರೆ" ಎಂದಳು.

ಶೆರಾಲಿ ಗಾಬರಿಯಾದ. "ಎಲ್ಲಾದ್ರೂ ಉಂಟಾ, ಚಿಕ್ಕಮ್ಮ? ಇವರು ಒಳಗೆ ಬಂದ್ರೆ ನಾನು ಎದ್ದು ನಿಲ್ಬೇಕು. ಇನ್ನು ಮೇಜಿನ ಕೆಳಗೆ ತೂರಿ ತಂತಿ ಎಳೀರಿ ಅಂತ ಹ್ಯಾಗೆ ಹೇಳ್ಲಿ? ನಾಲಿಗೆ ಬಿದ್ದುಹೋಗುತ್ತೆ!"

"ನೀವು ಹೇಳ್ಬೇಡಿ. ದಿನಾ ಬಂದು ನಾನು ಹೇಳ್ತೀನಿ!"

"ಹಿರಿಯರಿಗೆ ಅವಮಾನ, ಬೇಡ." ಶೆರಾಲಿ ದಪ್ಪನೆಯವನ ಬೆನ್ನು ತಟ್ಟಿದ. "ಕೆಲಸಕ್ಕೆ ಇವನನ್ನ ತಗೊಂಡಿದ್ದೀನಿ. ಚಿಕ್ಕಪ್ಪ ಹರಸ್ಲಿ ಅಂತ್ಲೇ ಕರ್ಕೊಂಡ್ಬಂದೆ."

ಆರು ತಿಂಗಳಲ್ಲಿ ಮೊದಲ ಬಾರಿಗೆ ಕೆನೇಶ ಬೆನ್ನು ನೆಟ್ಟಗೆ ಮಾಡಿ ಕೂತ. ಪದ್ಧತಿಯಂತೆ ಎರಡೂ ಅಂಗೈ ಒಡ್ಡಿ, ಗಂಭೀರವಾಗಿ ಹರಸಿ, ಮುಖ ಸವರಿಕೊಂಡ. ಬರ್ಮೆಟ್ ದಪ್ಪನೆಯವನ ಮುಂದೆ ತಟ್ಟೆಯನ್ನು ಕುಕ್ಕಿದಳು.

"ನಿನ್ನ ಹತ್ರ ಹನ್ನೊಂದೂ ಇತ್ತೇನಪ್ಪ?"

ಅವನು ಬಾಯಿ ತುಂಬ ಬೊರ್ಸೋಕ್ ಇಟ್ಟುಕೊಂಡೇ ಕಣ್ಣು ಕಣ್ಣು ಬಿಟ್ಟ. "ಯಾವ ಹನ್ನೊಂದು, ಚಿಕ್ಕಮ್ಮ?"